ಮಂಗಟ್ಟೆಗೂ ನಮಗೂ ನಡುವೆ ಐವತ್ತು ಮೀಟರ್

ಕ್ಯಾಮೆರಾ, ಲೆನ್ಸ್ ಕೊಳ್ಳಹೊರಟ ಹವ್ಯಾಸಿಗಳಲ್ಲಿ ಒಂದು ವಿನಂತಿ

ಮಳೆ ಹಿಂದೆ ಸರಿದು ದೀಪಾವಳಿ ಮುಗಿಯುತ್ತಿದ್ದಂತೆ ನಮ್ಮ ಭಾಗದಲ್ಲಿ ಕ್ಯಾಮೆರಾಗಳು ಪೆಟ್ಟಿಗೆಯಿಂದ ಹೊರಬರುತ್ತವೆ. ದಾಂಡೇಲಿ, ಕುಳಗಿ, ಗಣೇಶಗುಡಿಯ ರಸ್ತೆಗಳಲ್ಲಿ ಉದ್ದನೆಯ ಲೆನ್ಸನ್ನು ಹೆಗಲಿಗೇರಿಸಿದವರು ಕಾಣಿಸಿಕೊಳ್ಳುತ್ತಾರೆ. ಒಂದು ಕಾಲಕ್ಕೆ ಇವರೆಲ್ಲ ದೂರದ ಪಟ್ಟಣಗಳಿಂದ ಬಂದವರಾಗಿರುತ್ತಿದ್ದರು. ಈಗ ಹಾಗಿಲ್ಲ. ಹಳಿಯಾಳದ ಶಿಕ್ಷಕರು, ಮುಂಡಗೋಡದ ಅಂಗಡಿಕಾರರು, ಜೋಯಿಡಾದ ಕೃಷಿಕರ ಮಕ್ಕಳು ತಮ್ಮ ಸುತ್ತಲಿನ ಹಕ್ಕಿ, ಚಿಟ್ಟೆ, ಕಪ್ಪೆಗಳನ್ನು ಚಿತ್ರಿಸತೊಡಗಿದ್ದಾರೆ. ಇದು ಸಂತೋಷದ ಸಂಗತಿ. ತನ್ನ ಬೆಟ್ಟದ ಅಂಚಿನಲ್ಲಿ ಎಷ್ಟು ಬಗೆಯ ಹಕ್ಕಿಗಳಿವೆ ಎಂದು ಕಣ್ಣಾರೆ ಕಂಡವನು ಆ ಬೆಟ್ಟವನ್ನು ಸುಲಭವಾಗಿ ಬಿಟ್ಟುಕೊಡುವುದಿಲ್ಲ.

ಕಳೆದ ಚಳಿಗಾಲದಲ್ಲಿ ನೆರೆಮನೆಯ ಯುವಕನೊಬ್ಬ ಮನೆಗೆ ಬಂದ. ಕೈಯಲ್ಲಿದ್ದ ಹಾಳೆಯಲ್ಲಿ ಎರಡು ಕ್ಯಾಮೆರಾ ಬಾಡಿಗಳ ಹೆಸರು, ಅವುಗಳ ಮೆಗಾಪಿಕ್ಸೆಲ್, ಸೆಕೆಂಡಿಗೆ ಎಷ್ಟು ಚಿತ್ರ ತೆಗೆಯುತ್ತವೆ ಎಂಬ ಲೆಕ್ಕ, ಬೆಲೆ ಎಲ್ಲವೂ ಇದ್ದವು. "ಅಣ್ಣಾ, ಇದರಲ್ಲಿ ಯಾವುದು ತಗೊಳ್ಳಲಿ?" ಎಂದು ಕೇಳಿದ. "ಯಾವುದರ ಚಿತ್ರ ತೆಗೀಬೇಕು ಅಂತ ಮಾಡಿದ್ದೀಯಾ ತಮ್ಮಾ?" ಎಂದೆ. "ಮಂಗಟ್ಟೆ" ಎಂದ. "ಎಷ್ಟು ದೂರದಲ್ಲಿ ನಿಲ್ತೀಯಾ?" ಎಂದು ಕೇಳಿದೆ. ಆತ ಸುಮ್ಮನಾದ. ಆ ಪ್ರಶ್ನೆ ಅವನ ಹಾಳೆಯಲ್ಲಿರಲಿಲ್ಲ.

ಹೆಚ್ಚಿನ ಹವ್ಯಾಸಿಗಳು ಎಡವುವುದು ಇಲ್ಲಿಯೇ. ಮೊದಲು ಬಾಡಿಯನ್ನು ಆರಿಸುತ್ತಾರೆ. ಉಳಿದ ಹಣದಲ್ಲಿ ಸಿಕ್ಕ ಲೆನ್ಸನ್ನು ಕೊಳ್ಳುತ್ತಾರೆ. ಲೆನ್ಸ್ ಸಾಲದಾದಾಗ ಕಾಲನ್ನು ಮುಂದಿಡುತ್ತಾರೆ. ಈ ಕ್ರಮವನ್ನು ತಿರುವುಮುರುವು ಮಾಡಬೇಕೆಂಬುದು ನನ್ನ ವಾದ. ಮೊದಲು ದೂರ, ಆಮೇಲೆ ಬೆಳಕು, ಆಮೇಲೆ ಲೆನ್ಸ್, ಕೊನೆಗೆ ಬಾಡಿ. ಪರಿಸರದ ಪತ್ರಿಕೆಯಲ್ಲಿ ಕ್ಯಾಮೆರಾ ಅಂಗಡಿಯ ಮಾತೇಕೆ ಎಂದು ಕೆಲವರು ಕೇಳಬಹುದು. ನಮ್ಮ ತಾಲೂಕುಗಳಲ್ಲಿ ಈ ಆಯ್ಕೆಯ ತಪ್ಪಿಗೆ ಕೊಂಡವರ ಜೊತೆಗೆ ಗೂಡಿನಲ್ಲಿರುವ ಹಕ್ಕಿಯೂ ಬೆಲೆ ತೆರುತ್ತದೆ. ಅದಕ್ಕಾಗಿಯೇ ಈ ಬರಹ.

ನನ್ನದೇ ತಪ್ಪು

ಇದನ್ನು ನಾನು ಕಲಿತದ್ದು ತಪ್ಪು ಮಾಡಿಯೇ. 2006ರ ಫೆಬ್ರುವರಿ. ಜೋಯಿಡಾ ತಾಲೂಕಿನ ಒಂದು ಅಡಿಕೆ ತೋಟದ ಮೇಲಿನ ಬೆಟ್ಟದಲ್ಲಿ, ಹಳೆಯ ತಾರೆ ಮರದ ಪೊಟರೆಯಲ್ಲಿ ದೊಡ್ಡ ಮಂಗಟ್ಟೆ ಗೂಡು ಮಾಡಿತ್ತು. ನನ್ನ ಬಳಿ ಇದ್ದದ್ದು ನಿಕಾನ್ ಎಫ್ಎಂ10 ಎಂಬ ಫಿಲ್ಮ್ ಕ್ಯಾಮೆರಾ, 135 ಮಿ.ಮೀ.ನ ಒಂದು ಹಳೆಯ ಲೆನ್ಸ್, 36 ಚಿತ್ರಗಳ ಒಂದು ರೋಲು. ದೂರದಿಂದ ನೋಡಿದರೆ ವ್ಯೂಫೈಂಡರಿನಲ್ಲಿ ಹಕ್ಕಿ ಕಾಳಿನಷ್ಟು ಕಾಣುತ್ತಿತ್ತು. ಹತ್ತು ಹೆಜ್ಜೆ ಮುಂದೆ ಹೋದೆ. ಮತ್ತೆ ಹತ್ತು ಹೆಜ್ಜೆ. ಕೊನೆಗೆ ಮರದಿಂದ ಹದಿನೈದು ಮೀಟರಿನಲ್ಲಿ ಒಂದು ಪೊದೆಯ ಮರೆಯಲ್ಲಿ ಕುಳಿತೆ.

ಗಂಡು ಹಕ್ಕಿ ಬಂತು. ಆದರೆ ಗೂಡಿನ ಮರಕ್ಕೆ ಬರಲಿಲ್ಲ. ಆಚೆಯ ಮರದಲ್ಲಿ ಕುಳಿತು ಕತ್ತನ್ನು ಅತ್ತಿತ್ತ ಹೊರಳಿಸಿತು. ಗಂಟಲಲ್ಲಿದ್ದ ಹಣ್ಣೊಂದನ್ನು ಕೊಕ್ಕಿನ ತುದಿಗೆ ತಂದು ಮತ್ತೆ ನುಂಗಿಕೊಂಡಿತು. ಮುಕ್ಕಾಲು ಗಂಟೆ ಹೀಗೆಯೇ ಕಳೆಯಿತು. ಬಳಿಕ ರೆಕ್ಕೆಯ ದೊಡ್ಡ ಸದ್ದು ಮಾಡುತ್ತ ಕಣಿವೆಯತ್ತ ಹಾರಿಹೋಯಿತು.

ಮಂಗಟ್ಟೆಯ ಸಂಸಾರದ ರೀತಿ ನಮ್ಮ ಓದುಗರಿಗೆ ಗೊತ್ತಿರುವಂಥದ್ದೇ. ಹೆಣ್ಣು ಪೊಟರೆಯೊಳಗೆ ಸೇರಿ, ಬಾಯನ್ನು ಹಿಕ್ಕೆ, ಮಣ್ಣಿನಿಂದ ಮುಚ್ಚಿಕೊಳ್ಳುತ್ತದೆ. ಕೊಕ್ಕಿನ ತುದಿ ಹೊರಚಾಚುವಷ್ಟು ಸೀಳು ಮಾತ್ರ ಉಳಿದಿರುತ್ತದೆ. ಮೊಟ್ಟೆ ಇಟ್ಟು ಮರಿಯಾಗಿ ಹೊರಬರುವವರೆಗೆ ಅದರ ಆಹಾರವೆಲ್ಲ ಗಂಡಿನ ಕೊಕ್ಕಿನಿಂದಲೇ ಬರಬೇಕು. ಆಲ, ಬಸರಿ, ಅತ್ತಿಯ ಹಣ್ಣುಗಳನ್ನು ಹೊತ್ತು ಗಂಡು ದಿನಕ್ಕೆ ಹಲವು ಸಲ ಬಂದುಹೋಗುತ್ತದೆ. ಅಂದು ಒಳಗಿದ್ದ ಹೆಣ್ಣಿನ ಒಂದು ಊಟವನ್ನು ನಾನು ತಪ್ಪಿಸಿದ್ದೆ. ಅದೇ ಗೂಡಿಗೆ ವಾರವಿಡೀ ಹತ್ತು ಜನ ಹೀಗೆ ಹೋಗಿದ್ದರೆ? ನನ್ನ ಆ ಚಿತ್ರ ಚೆನ್ನಾಗಿಯೇ ಬಂದಿದೆ. ಆದರೆ ಅದನ್ನು ನಾನು ಎಲ್ಲಿಯೂ ಪ್ರಕಟಿಸಿಲ್ಲ.

ಒಂದು ಸರಳ ಲೆಕ್ಕ

ಅಂದು ನನಗೆ ಗೊತ್ತಿರಬೇಕಾಗಿದ್ದ ಲೆಕ್ಕ ಹೈಸ್ಕೂಲಿನ ಭೌತಶಾಸ್ತ್ರದ್ದೇ. ಲೆನ್ಸಿನ ಸಂಗಮದೂರವನ್ನು, ಅಂದರೆ ನಾವು ಫೋಕಲ್ ಲೆಂತ್ ಎನ್ನುವುದನ್ನು, ವಸ್ತುವಿನ ಅಳತೆಯಿಂದ ಗುಣಿಸಿ ದೂರದಿಂದ ಭಾಗಿಸಿದರೆ, ಸೆನ್ಸರಿನ ಮೇಲೆ ಬೀಳುವ ಬಿಂಬದ ಅಳತೆ ಸಿಗುತ್ತದೆ. ದೊಡ್ಡ ಮಂಗಟ್ಟೆ ಕೊಕ್ಕಿನಿಂದ ಬಾಲದವರೆಗೆ ಹೆಚ್ಚುಕಡಿಮೆ ಒಂದು ಮೀಟರ್ ಉದ್ದವಿದೆ. 135 ಮಿ.ಮೀ. ಲೆನ್ಸಿನಲ್ಲಿ, 15 ಮೀಟರ್ ದೂರದಿಂದ, ಅದರ ಬಿಂಬ 9 ಮಿ.ಮೀ. ಅಷ್ಟೇ ದೊಡ್ಡ ಬಿಂಬ 50 ಮೀಟರಿನಿಂದ ಬೇಕೆಂದಿದ್ದರೆ 450 ಮಿ.ಮೀ. ಲೆನ್ಸ್ ಬೇಕಿತ್ತು. ಅದಿಲ್ಲದ ಕೊರತೆಯನ್ನು ನಾನು ಕಾಲಿನಿಂದ ತುಂಬಿದ್ದೆ.

50 ಮೀಟರ್ ಎಂಬುದು ಸರಕಾರದ ನಿಯಮವಲ್ಲ. ಗೂಡಿನ ಕಾಲದಲ್ಲಿ ನಾನು ನನಗೇ ಹಾಕಿಕೊಂಡಿರುವ ಗೆರೆ. ಅಷ್ಟು ದೂರದಲ್ಲಿಯೂ ಹಕ್ಕಿ ಕಸಿವಿಸಿಗೊಂಡರೆ ಇನ್ನೂ ಹಿಂದೆ ಸರಿಯಬೇಕು. ಆದರೆ ಲೆಕ್ಕಕ್ಕೆ ಒಂದು ಗೆರೆ ಬೇಕು, ಇದನ್ನೇ ಇಟ್ಟುಕೊಳ್ಳೋಣ.

300 ಮಿ.ಮೀ. ಲೆನ್ಸಿನಲ್ಲಿ 50 ಮೀಟರಿನಿಂದ ದೊಡ್ಡ ಮಂಗಟ್ಟೆಯ ಬಿಂಬ 6 ಮಿ.ಮೀ. ಇದು ಎಷ್ಟು ಚಿತ್ರವಾಗುತ್ತದೆ ಎಂಬುದು ಸೆನ್ಸರಿನ ಮೇಲೆ ಪಿಕ್ಸೆಲ್‌ಗಳು ಎಷ್ಟು ಒತ್ತೊತ್ತಾಗಿವೆ ಎಂಬುದರ ಮೇಲೆ ನಿಂತಿದೆ. 24 ಮೆಗಾಪಿಕ್ಸೆಲ್‌ನ ಫುಲ್‌ಫ್ರೇಮ್ ಸೆನ್ಸರು 36 ಮಿ.ಮೀ. ಅಗಲವಿದ್ದು, ಅಡ್ಡಲಾಗಿ ಸುಮಾರು 6000 ಪಿಕ್ಸೆಲ್ ಇರುತ್ತವೆ. ಅಂದರೆ ಮಿಲಿಮೀಟರಿಗೆ 167. ಹಕ್ಕಿಗೆ ಸಿಗುವುದು 1000 ಪಿಕ್ಸೆಲ್. ಅದಕ್ಕಿಂತ ಚಿಕ್ಕದಾದ, ಅಗ್ಗದ ಎಪಿಎಸ್-ಸಿ ಸೆನ್ಸರಿನಲ್ಲಿ ಅದೇ 6000 ಪಿಕ್ಸೆಲ್‌ಗಳು 23.5 ಮಿ.ಮೀ.ನಲ್ಲಿ ಕುಳಿತಿರುತ್ತವೆ, ಹಕ್ಕಿಗೆ 1500 ಪಿಕ್ಸೆಲ್ ಸಿಗುತ್ತವೆ. ಮೈಕ್ರೋ ಫೋರ್ ಥರ್ಡ್ಸ್ ಎಂಬ ಇನ್ನೂ ಚಿಕ್ಕ ಸೆನ್ಸರಿನ 20 ಮೆಗಾಪಿಕ್ಸೆಲ್ ಕ್ಯಾಮೆರಾದಲ್ಲಿ 1800. ಒಳ್ಳೆಯ ಮುದ್ರಣಕ್ಕೆ ಇಂಚಿಗೆ 300 ಪಿಕ್ಸೆಲ್ ಸಾಕು. ಹಾಗಾದರೆ 1500 ಪಿಕ್ಸೆಲ್ಲಿನ ಮಂಗಟ್ಟೆ ಪುಟದ ಮೇಲೆ ಐದು ಇಂಚು ಉದ್ದವಿರುತ್ತದೆ. ನಮ್ಮ ಪತ್ರಿಕೆಯ ಮುಖಪುಟಕ್ಕೆ ಅದು ಧಾರಾಳವಾಯಿತು.

ದಾಂಡೇಲಿಯ ಟಿಂಬರ್ ಡಿಪೋದಲ್ಲಿ ಸಂಜೆಹೊತ್ತು ಸೇರುವ ಮಲಬಾರ್ ಕಪ್ಪು-ಬಿಳಿ ಮಂಗಟ್ಟೆ ಇದಕ್ಕಿಂತ ಚಿಕ್ಕದು, ಸುಮಾರು 65 ಸೆಂ.ಮೀ. ಅದಕ್ಕೆ 400 ಮಿ.ಮೀ. ಲೆನ್ಸ್, ಎಪಿಎಸ್-ಸಿ ಸೆನ್ಸರ್ ಇದ್ದರೆ ಅದೇ 50 ಮೀಟರಿನಿಂದ 1300 ಪಿಕ್ಸೆಲ್ ದೊರೆಯುತ್ತವೆ. ಅಲ್ಲಿಗೆ ಉತ್ತರ ಸಿಕ್ಕಿತು. ನಮ್ಮ ಹವ್ಯಾಸಿಗೆ ಬೇಕಾದದ್ದು 300ರಿಂದ 400 ಮಿ.ಮೀ. ಲೆನ್ಸ್, ಒಂದು ಸಾಧಾರಣ ಎಪಿಎಸ್-ಸಿ ಬಾಡಿ. ಫುಲ್‌ಫ್ರೇಮ್ ದೊಡ್ಡದು, ಆದ್ದರಿಂದ ಉತ್ತಮ ಎಂದು ನಂಬಿ ಸಾಲ ಮಾಡಬೇಕಾಗಿಲ್ಲ. ದೂರದ ಹಕ್ಕಿಯ ವಿಷಯದಲ್ಲಿ, ಅದೇ ಲೆನ್ಸಿಗೆ ಚಿಕ್ಕ ಸೆನ್ಸರೇ ಹೆಚ್ಚು ವಿವರ ಕೊಡುತ್ತದೆ.

ನಾಲ್ಕು ತಾಲೂಕು, ನಾಲ್ಕು ಬೆಳಕು

ಎರಡನೆಯ ಪ್ರಶ್ನೆ ಬೆಳಕಿನದು. ಇಲ್ಲಿ ನಮ್ಮ ನಾಲ್ಕು ತಾಲೂಕುಗಳೂ ಒಂದೇ ಅಲ್ಲ. ಪಡುವಣದ ಜೋಯಿಡಾದಿಂದ ಮೂಡಣದ ಮುಂಡಗೋಡಕ್ಕೆ ಬರುವಷ್ಟರಲ್ಲಿ ಮಳೆ, ಮರ, ನೆರಳು ಎಲ್ಲವೂ ಬದಲಾಗುತ್ತವೆ. ಬೆಳೆ ಬದಲಾಗುವಂತೆ ಲೆನ್ಸಿನ ಅಗತ್ಯವೂ ಬದಲಾಗುತ್ತದೆ.

ಅಣಶಿ ಭಾಗದ ನಿತ್ಯಹರಿದ್ವರ್ಣ ಕಾಡಿನ ಬುಡಕ್ಕೆ ತಲುಪುವುದು ಮೇಲಿನ ಬಿಸಿಲಿನ ನೂರರಲ್ಲಿ ಒಂದೆರಡು ಪಾಲು ಮಾತ್ರ. ಛಾಯಾಗ್ರಾಹಕರ ಭಾಷೆಯಲ್ಲಿ ಹೇಳುವುದಾದರೆ ಆರು ಸ್ಟಾಪ್ ಕಡಿಮೆ. ಬಯಲಿನ ಬಿಸಿಲಿನಲ್ಲಿ ಐಎಸ್‌ಓ 100, ಎಫ್ 5.6 ಇಟ್ಟರೆ ಷಟರ್ ವೇಗ ಸೆಕೆಂಡಿನ 800ರಲ್ಲಿ ಒಂದು ಭಾಗ ಸಿಗುತ್ತದೆ. ಇದೇ ಕಾಡಿನ ಬುಡದಲ್ಲಿ 13ರಲ್ಲಿ ಒಂದು ಭಾಗಕ್ಕೆ ಇಳಿಯುತ್ತದೆ. ಕುಳಿತ ಹಕ್ಕಿಯೂ ಮಸುಕಾಗುವ ವೇಗವದು. ಐಎಸ್‌ಓವನ್ನು 1600ಕ್ಕೆ ಏರಿಸಿದರೆ 200ರಲ್ಲಿ ಒಂದು ಭಾಗವಾಗಿ ಕೆಲಸ ನಡೆಯುತ್ತದೆ. ಲೆನ್ಸಿನ ಅಪರ್ಚರ್ ಎಫ್ 11 ಆಗಿದ್ದರೆ ಮತ್ತೆ 50ರಲ್ಲಿ ಒಂದಕ್ಕೆ ಬೀಳುತ್ತದೆ. ಜೋಯಿಡಾದ ಒಳಕಾಡಿನಲ್ಲಿ ನಡೆಯುವವರು ಎಫ್ 4, ಎಫ್ 5.6 ಲೆನ್ಸ್‌ಗಳಿಗೆ, ಹೆಚ್ಚಿನ ಐಎಸ್‌ಓ ತಾಳಿಕೊಳ್ಳುವ ಹೊಸ ಸೆನ್ಸರಿಗೆ ಹಣ ತೆರುವುದು ಸರಿ.

ಹಳಿಯಾಳದ ಕಥೆಯೇ ಬೇರೆ. ಮಾರ್ಚ್ ಹೊತ್ತಿಗೆ ಸಾಗವಾನಿ ಎಲೆ ಉದುರಿಸಿ ನಿಂತಿರುತ್ತದೆ, ಗದ್ದೆಗಳು ಬಯಲಾಗಿರುತ್ತವೆ. ಅಲ್ಲಿ ಐಎಸ್‌ಓ 400, ಎಫ್ 8 ಇಟ್ಟರೂ ಸೆಕೆಂಡಿನ 1600ರಲ್ಲಿ ಒಂದು ಭಾಗದ ವೇಗ ದೊರೆಯುತ್ತದೆ. ಹಾರುವ ಗಿಳಿಯನ್ನೂ ಹಿಡಿದು ನಿಲ್ಲಿಸಬಹುದು. ಎಫ್ 8ರ ಅಗ್ಗದ, ಹಗುರ ಲೆನ್ಸನ್ನು ಅಂಗಡಿಯವರು ಮೂಗು ಮುರಿದು ತೋರಿಸಬಹುದು. ಹಳಿಯಾಳದವರು ನಗುತ್ತ ಕೊಳ್ಳಬಹುದು.

ದಾಂಡೇಲಿಯಲ್ಲಿ ಕಾಳಿ ನದಿಯ ಬಯಲಿನಲ್ಲಿ ಬೆಳಕಿದೆ. ಆದರೆ ಹಕ್ಕಿಗಳು ಚಟುವಟಿಕೆಯಿಂದಿರುವುದು ಮುಂಜಾನೆ, ಮುಸ್ಸಂಜೆಗಳಲ್ಲಿ. ಡಿಪೋದಲ್ಲಿ ಮಂಗಟ್ಟೆಗಳು ಸೇರುವ ಹೊತ್ತಿಗೆ ಎಫ್ 8 ಕಣ್ಣುಮುಚ್ಚಾಲೆಯಾಡುತ್ತದೆ. ಎಫ್ 5.6 ಇದ್ದರೆ ಇನ್ನೊಂದು ಹತ್ತು ಹದಿನೈದು ನಿಮಿಷ ಹೆಚ್ಚು ಸಿಗುತ್ತದೆ. ಅಷ್ಟಾದ ಮೇಲೆ ಕ್ಯಾಮೆರಾವನ್ನು ಚೀಲಕ್ಕೆ ಹಾಕಿ ಬರಿಗಣ್ಣಿನಿಂದ ನೋಡುವುದು ಒಳ್ಳೆಯದು.

ಮುಂಡಗೋಡದ ಅತ್ತಿವೇರಿ ಪಕ್ಷಿಧಾಮದಲ್ಲಿ ದೂರವೇ ಸಮಸ್ಯೆ. ಬೆಳ್ಳಕ್ಕಿ, ನೀರುಕಾಗೆ, ಚಮಚಕೊಕ್ಕುಗಳು ನೀರಿನ ಆಚೆಗಿರುತ್ತವೆ. ಇಲ್ಲಿ 600 ಮಿ.ಮೀ. ಲೆನ್ಸಿದ್ದರೂ ಹತ್ತು ಗಂಟೆಯ ನಂತರ ಉಪಯೋಗ ಕಡಿಮೆ. ನೀರು, ನೆಲ ಕಾದು ಏಳುವ ಬಿಸಿಗಾಳಿಯಲ್ಲಿ ಬಿಂಬವೇ ನಡುಗುತ್ತದೆ. ಯಾವ ಮೆಗಾಪಿಕ್ಸೆಲ್ಲೂ ಅದನ್ನು ಸರಿಪಡಿಸದು. ಅಲ್ಲಿ ಬೇಕಾದದ್ದು ದುಬಾರಿ ಲೆನ್ಸಿಗಿಂತ ಮುಂಜಾನೆಯ ಬಸ್ಸು.

ಭಾರ, ಅಂತರ, ಕೊರಳು

ಹಕ್ಕಿ ಚಿತ್ರಕಾರರಿಗೆ ಈಗ ಪ್ರಿಯವಾಗಿರುವ 150–600, 200–600 ಮಿ.ಮೀ. ಜೂಮ್‌ಗಳು ಎರಡು ಕಿಲೋ ಆಸುಪಾಸು ತೂಗುತ್ತವೆ. ನಿಕಾನ್‌ನ 200–500 (2015) 2.3 ಕಿಲೋ. ಜೀಪಿನ ಕಿಟಕಿಯಲ್ಲಿ ಇಟ್ಟುಕೊಳ್ಳುವವರಿಗೆ ಇದು ತೊಂದರೆಯಲ್ಲ. ಕಾಲುದಾರಿಯಲ್ಲಿ ದಿನವಿಡೀ ಏರಿ ಇಳಿಯುವವರು ಮಾತ್ರ ಯೋಚಿಸಬೇಕು. ಮನೆಯಲ್ಲಿ ಉಳಿದ ಲೆನ್ಸ್ ಯಾವ ಹಕ್ಕಿಯನ್ನೂ ಚಿತ್ರಿಸುವುದಿಲ್ಲ. ಹಗುರವಾದವೂ ಇವೆ. ನಿಕಾನ್‌ನ 300 ಎಫ್ 4 ಪಿಎಫ್ (2015) 755 ಗ್ರಾಂ. ಕ್ಯಾನನ್‌ನ ಆರ್‌ಎಫ್ 100–400 (2021) 635 ಗ್ರಾಂ, ಆದರೆ ತುದಿಯಲ್ಲಿ ಎಫ್ 8. ಮೊದಲನೆಯದು ಜೋಯಿಡಾಕ್ಕೆ, ಎರಡನೆಯದು ಹಳಿಯಾಳಕ್ಕೆ ಒಪ್ಪುತ್ತದೆ ಎಂಬುದು ಮೇಲಿನ ಲೆಕ್ಕದಿಂದಲೇ ತಿಳಿಯುತ್ತದೆ.

ಈ ಎರಡು ಲೆನ್ಸ್‌ಗಳ ಇನ್ನೊಂದು ಗುಣವನ್ನು ಹೇಳಲೇಬೇಕು. ಅವು ಹತ್ತಿರದ ವಸ್ತುವಿಗೂ ಫೋಕಸ್ ಆಗುತ್ತವೆ: ಮೊದಲನೆಯದು 1.4 ಮೀಟರಿಗೆ, ಎರಡನೆಯದು 88 ಸೆಂ.ಮೀ.ಗೆ. ಚಿಟ್ಟೆ, ಏರೋಪ್ಲೇನ್ ಚಿಟ್ಟೆ, ಹಾವುಗಳಿಗೆ ಇದೇ ಅಂತರ ಕ್ಷೇಮ. 100 ಮಿ.ಮೀ. ಮ್ಯಾಕ್ರೋ ಲೆನ್ಸಿನಲ್ಲಿ ವಸ್ತುವನ್ನು ಅದರ ನಿಜಗಾತ್ರದಲ್ಲಿ ಚಿತ್ರಿಸಬೇಕಾದರೆ ಲೆನ್ಸಿನ ಮೂತಿ ಒಂದು ಗೇಣಿಗಿಂತಲೂ ಹತ್ತಿರ ಹೋಗಬೇಕು. ಕಾಳುಮೆಣಸಿನ ಎಲೆಯ ಮೇಲಿನ ಕೀಟಕ್ಕೆ ಅದು ಸರಿ. ಮಲಬಾರ್ ಗುಳಿಮಂಡಲದ ಹಾವಿಗೆ ಸರಿಯಲ್ಲ. ಮಳೆಗಾಲದ ರಾತ್ರಿಯಲ್ಲಿ ಕಪ್ಪೆಗಳನ್ನು ಹಿಡಿದು ಚೆಂದದ ಎಲೆಯ ಮೇಲೆ ಕೂರಿಸಿ ಚಿತ್ರ ತೆಗೆಯುವ ಚಾಳಿಯೂ ಅಲ್ಲಲ್ಲಿ ಕಂಡುಬರುತ್ತಿದೆ. ಕಪ್ಪೆ ಚರ್ಮದಿಂದಲೂ ಉಸಿರಾಡುವ ಜೀವಿ. ನಮ್ಮ ಕೈಯ ಉಪ್ಪು, ಸೊಳ್ಳೆಗೆ ಹಚ್ಚಿಕೊಂಡ ಮುಲಾಮು ಅದಕ್ಕೆ ವಿಷ. ಲೆನ್ಸ್ ಸಾಲದಿದ್ದರೆ ಆ ಚಿತ್ರ ಬೇಡ.

ಟ್ರೈಪಾಡ್ ಬದಲು ನಾನು ಬಳಸುವುದು ಒಂದು ಬಟ್ಟೆಯ ಚೀಲ. ಭತ್ತದ ಹೊಟ್ಟು ತುಂಬಿ ನೋಡಿದೆ, ತೀರ ಹಗುರವಾಗಿ ಅಲುಗಾಡಿತು. ಹುರುಳಿ ತುಂಬಿದ ಮೇಲೆ ಸರಿಹೋಯಿತು. ಬೇಲಿಯ ಗೂಟದ ಮೇಲಾಗಲಿ, ಬಂಡೆಯ ಮೇಲಾಗಲಿ ಲೆನ್ಸಿನ ಆಕಾರಕ್ಕೆ ತಗ್ಗಿ ಕುಳಿತುಕೊಳ್ಳುತ್ತದೆ. ಆಗಾಗ ಬಿಸಿಲಿಗೆ ಹಾಕದಿದ್ದರೆ ಹುಳ ಬೀಳುತ್ತದೆ ಎಂಬುದೊಂದೇ ದೋಷ.

ಬಾಡಿಯ ಸರದಿ ಕೊನೆಗೆ

ಬಾಡಿ ಕೆಲವೇ ವರ್ಷಗಳಲ್ಲಿ ಹಳತಾಗುತ್ತದೆ. ಒಳ್ಳೆಯ ಲೆನ್ಸ್ ಇಪ್ಪತ್ತು ವರ್ಷ ದುಡಿಯುತ್ತದೆ. ಆದ್ದರಿಂದ ಇರುವ ಹಣದಲ್ಲಿ ಹೆಚ್ಚಿನ ಪಾಲು ಲೆನ್ಸಿಗೆ ಹೋಗಲಿ. ಕ್ಯಾನನ್, ನಿಕಾನ್ ಎರಡೂ ಕಂಪನಿಗಳು 2020ರ ಬಳಿಕ ಕನ್ನಡಿ ಇರುವ ಡಿಎಸ್‌ಎಲ್‌ಆರ್‌ನ ಹೊಸ ಮಾದರಿ ತಂದಿಲ್ಲ. ಗಮನವೆಲ್ಲ ಕನ್ನಡಿಯಿಲ್ಲದ ಮಿರರ್‌ಲೆಸ್ ಕಡೆಗೆ ಹೊರಳಿದೆ. ಇದರಿಂದ ಒಳ್ಳೆಯ ಹಳೆಯ ಬಾಡಿಗಳು, ಲೆನ್ಸ್‌ಗಳು ಕಡಿಮೆ ಬೆಲೆಗೆ ಕೈಬದಲಾಗುತ್ತಿವೆ. ಹವ್ಯಾಸಿಗೆ ಇದೊಂದು ಸುಗ್ಗಿ. ಆದರೆ ಎಚ್ಚರ ಬೇಕು. ನಿಕಾನ್‌ನ ಎಎಫ್-ಡಿ ವರ್ಗದ ಹಳೆಯ ಲೆನ್ಸ್‌ಗಳಿಗೆ ತಮ್ಮದೇ ಮೋಟಾರ್ ಇಲ್ಲ. ಆ ಕಂಪನಿಯ ಅಗ್ಗದ ಡಿಎಸ್‌ಎಲ್‌ಆರ್‌ಗಳಲ್ಲಿ, ಎಫ್‌ಟಿಜೆಡ್ ಅಡಾಪ್ಟರ್ ಹಾಕಿದ ಮಿರರ್‌ಲೆಸ್‌ಗಳಲ್ಲಿ ಅವುಗಳಿಗೆ ಕೈಯಿಂದಲೇ ಫೋಕಸ್ ಮಾಡಬೇಕು. ಹಳೆಯ ಲೆನ್ಸ್ ಕೊಳ್ಳುವಾಗ ಹಿಂಬದಿಯಿಂದ ಟಾರ್ಚ್ ಬೆಳಕು ಹಾಯಿಸಿ ನೋಡಿ. ಜೇಡರ ಬಲೆಯಂಥ ಎಳೆಗಳು ಕಂಡರೆ ಅದು ಬೂಷ್ಟು. ಒಮ್ಮೆ ನಾನು ಹೀಗೆ ನೋಡದೆ ಒಂದು ಅಂಗಡಿಯಲ್ಲಿ ಕೊಂಡು, ಕೊಟ್ಟ ಹಣದ ಅರ್ಧದಷ್ಟನ್ನು ಮತ್ತೆ ರಿಪೇರಿಗೆ ತೆತ್ತಿದ್ದೇನೆ.

ಮಿರರ್‌ಲೆಸ್‌ನ ಒಂದು ಗುಣ ಮಾತ್ರ ನಮ್ಮ ದೃಷ್ಟಿಯಿಂದ ನಿಜವಾದ ಲಾಭ. ಎಲೆಕ್ಟ್ರಾನಿಕ್ ಷಟರ್ ಇಟ್ಟರೆ ಸದ್ದೇ ಇಲ್ಲ. ಕನ್ನಡಿಯ ಖಟಖಟ ಸದ್ದಿಗೆ ಕತ್ತೆತ್ತುವ ಹಕ್ಕಿಗಳನ್ನು ನಾನು ಬಹಳ ನೋಡಿದ್ದೇನೆ. ವೇಗವಾಗಿ ಹಾರುವ ರೆಕ್ಕೆ ಈ ಷಟರಿನಲ್ಲಿ ಸೊಟ್ಟಗೆ ಕಾಣಬಹುದು ನಿಜ. ಕುಳಿತ ಹಕ್ಕಿಗೆ ಆ ತೊಂದರೆಯಿಲ್ಲ. ಸೆಕೆಂಡಿಗೆ 20 ಚಿತ್ರ, 45 ಮೆಗಾಪಿಕ್ಸೆಲ್, 8ಕೆ ವಿಡಿಯೋ ಇವೆಲ್ಲ ಇದರ ಮುಂದೆ ಗೌಣ. ಇದ್ದರೆ ಇರಲಿ, ಅವಕ್ಕೆಂದೇ ಹೆಚ್ಚು ಹಣ ಬೇಡ.

ಲೆನ್ಸನ್ನು ಬೀಜದಂತೆ ಕಾಪಾಡಿ

ಪಟ್ಟಣದ ಕೈಪಿಡಿಗಳು ಹೇಳದ ಒಂದು ಮಾತಿದೆ. ಮಲೆನಾಡಿನಲ್ಲಿ ಲೆನ್ಸಿನ ಮೊದಲ ಶತ್ರು ಜೂನ್‌ನಿಂದ ಅಕ್ಟೋಬರ್‌ವರೆಗಿನ ತೇವ. ಗಾಳಿಯ ಆರ್ದ್ರತೆ ವಾರಗಟ್ಟಲೆ ಶೇಕಡ 65–70ಕ್ಕಿಂತ ಮೇಲಿದ್ದರೆ, ನೆಲಗಡಲೆ, ಜೋಳದ ದಾಸ್ತಾನಿಗೆ ಬರುವ ಆಸ್ಪರ್ಜಿಲ್ಲಸ್‌ನಂಥ ಬೂಷ್ಟುಗಳೇ ಲೆನ್ಸಿನ ಒಳಗಾಜಿನ ಮೇಲೂ ಬೆಳೆಯುತ್ತವೆ. ಅವು ಸ್ರವಿಸುವ ಆಮ್ಲ ಗಾಜಿನ ಲೇಪನವನ್ನು ಕೊರೆಯುತ್ತದೆ. ಆಮೇಲೆ ಒರೆಸಿದರೂ ಕಲೆ ಹೋಗುವುದಿಲ್ಲ.

ಬೀಜ ಸಂಗ್ರಹದಲ್ಲಿ ಒಂದು ಹಳೆಯ ಸೂತ್ರವಿದೆ: ಬೀಜದ ತೇವಾಂಶ ಶೇಕಡ ಒಂದರಷ್ಟು ಇಳಿದರೆ ಅದರ ಆಯುಷ್ಯ ಇಮ್ಮಡಿಯಾಗುತ್ತದೆ. ಲೆನ್ಸಿಗೂ ಅದೇ ಆರೈಕೆ ಸಲ್ಲುತ್ತದೆ. ರಬ್ಬರ್ ಅಂಚಿನ, ಗಾಳಿಯಾಡದ ಪ್ಲಾಸ್ಟಿಕ್ ಡಬ್ಬ, ತಳಕ್ಕೆ ಬಟ್ಟೆಯಲ್ಲಿ ಕಟ್ಟಿದ ಸಿಲಿಕಾ ಜೆಲ್, ಒಂದು ಚಿಕ್ಕ ಆರ್ದ್ರತಾಮಾಪಕ, ಇಷ್ಟು ಸಾಕು. ಮುಳ್ಳು ಶೇಕಡ 40ರಿಂದ 50ರ ನಡುವೆ ಇರಲಿ. ಅದಕ್ಕಿಂತ ತೀರ ಒಣಗಿದರೆ ಒಳಗಿನ ಗ್ರೀಸು, ರಬ್ಬರಿಗೆ ಒಳ್ಳೆಯದಲ್ಲ. ನೀಲಿ ಸಿಲಿಕಾ ಗುಲಾಬಿ ಬಣ್ಣಕ್ಕೆ ತಿರುಗಿದಾಗ ಹಳೆಯ ಬಾಣಲೆಯಲ್ಲಿ ಹದವಾಗಿ ಬಿಸಿಮಾಡಿ. ಆ ಬಾಣಲೆ ಮತ್ತೆ ಅಡಿಗೆಗೆ ಬೇಡ. ಚರ್ಮದ ಚೀಲದಲ್ಲಿ ಲೆನ್ಸ್ ಇಡಬೇಡಿ. ಒಲೆಯ ಮೇಲಿನ ಅಟ್ಟ ಬೀಜಕ್ಕೆ ಹಿತ, ಲೆನ್ಸಿಗಲ್ಲ. ಹೊಗೆಯ ಜಿಡ್ಡು ಕೂರುತ್ತದೆ.

ಉದ್ದ ಲೆನ್ಸೂ ನಿರಪರಾಧಿಯಲ್ಲ

ಇಷ್ಟು ಹೇಳಿದ ಮೇಲೆ ಒಂದು ಆಕ್ಷೇಪಕ್ಕೆ ಉತ್ತರಿಸಬೇಕು. ಉದ್ದ ಲೆನ್ಸ್ ಹಕ್ಕಿಯನ್ನು ಕಾಪಾಡುತ್ತದೆ ಎಂದಾದರೆ, ಹತ್ತು ಲಕ್ಷ ರೂಪಾಯಿ ಮೀರಿದ 600 ಮಿ.ಮೀ. ಎಫ್ 4 ಲೆನ್ಸ್ ಹೊತ್ತವರೇ ಗೂಡಿನ ಮರದಡಿ ಗುಂಪುಗೂಡುವುದೇಕೆ? ಈ ಪ್ರಶ್ನೆ ನ್ಯಾಯವಾದದ್ದು. ಲೆನ್ಸ್ ದೂರವನ್ನು ಸಾಧ್ಯವಾಗಿಸುತ್ತದೆ. ದೂರ ನಿಲ್ಲುವ ಮನಸ್ಸನ್ನು ಕೊಡುವುದಿಲ್ಲ. ಕಣ್ಣರೆಪ್ಪೆಯ ರೋಮವೂ ಕಾಣಬೇಕೆಂಬ ಆಸೆ ಹುಟ್ಟಿದವನಿಗೆ 600 ಮಿ.ಮೀ. ಕೂಡ ಕಡಿಮೆಯೇ. ಧ್ವನಿಮುದ್ರಿತ ಕೂಗನ್ನು ನುಡಿಸಿ ಹಕ್ಕಿಯನ್ನು ಕರೆಯುವುದು, ಅಡ್ಡ ಬಂದ ಕೊಂಬೆಯನ್ನು ಕತ್ತರಿಸುವುದು, ಗೂಡಿನ ಜಾಗವನ್ನು ಚಿತ್ರದೊಡನೆ ಜಗತ್ತಿಗೆ ಹಂಚುವುದು ನಡೆದೇ ಇವೆ. ಮಂಗಟ್ಟೆಗಳು ವರ್ಷ ವರ್ಷವೂ ಅದೇ ಪೊಟರೆಗೆ ಮರಳುವುದರಿಂದ, ಒಮ್ಮೆ ಬಯಲಾದ ಗೂಡು ಮುಂದೆಯೂ ಬಯಲಾದಂತೆಯೇ. ನಿಮ್ಮ ಕ್ಯಾಮೆರಾ, ಮೊಬೈಲ್‌ಗಳಲ್ಲಿ ಸ್ಥಳ ದಾಖಲಿಸುವ ಜಿಪಿಎಸ್ ಇದ್ದರೆ ಕಾಡಿಗೆ ಹೋಗುವ ಮುನ್ನ ಅದನ್ನು ಆರಿಸಿಡಿ.

ಕಾನೂನೂ ಈ ವಿಷಯದಲ್ಲಿ ಮೌನವಾಗಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ 27ನೆಯ ಕಲಮು ಅಭಯಾರಣ್ಯದೊಳಗೆ ಕಾಡುಪ್ರಾಣಿಗಳನ್ನು ಕೆಣಕುವುದನ್ನು ನಿಷೇಧಿಸುತ್ತದೆ. 28ನೆಯ ಕಲಮು ಛಾಯಾಗ್ರಹಣಕ್ಕೆ ಪ್ರವೇಶಾನುಮತಿ ನೀಡಲು ಅವಕಾಶ ಕೊಡುತ್ತದೆ. ಆವಾಸವನ್ನು ಬದಲಿಸದೆ, ಆವಾಸಕ್ಕಾಗಲಿ ವನ್ಯಜೀವಿಗಾಗಲಿ ಕೇಡಾಗದಂತೆ ಎಂಬ ಷರತ್ತು 2022ರ ತಿದ್ದುಪಡಿಯಲ್ಲಿ ಅದಕ್ಕೆ ಸೇರಿದೆ. 2007ರಲ್ಲಿ ದಾಂಡೇಲಿ–ಅಣಶಿ ಎಂದು ಘೋಷಿತವಾಗಿ 2015ರಿಂದ ಕಾಳಿ ಎಂಬ ಹೆಸರು ಪಡೆದಿರುವ ನಮ್ಮ ಹುಲಿ ಸಂರಕ್ಷಿತ ಪ್ರದೇಶ, 2011ರಲ್ಲಿ ದಾಂಡೇಲಿ ಸುತ್ತ ಮಂಗಟ್ಟೆಗಾಗಿಯೇ ಘೋಷಿಸಿದ ಮೀಸಲು, ಇವೆಲ್ಲ ಕಾಗದದ ಮೇಲೆ ಉಳಿಯಬಾರದೆಂದಿದ್ದರೆ ಕ್ಯಾಮೆರಾ ಹಿಡಿದ ನಾವೇ ಮೊದಲು ಗೆರೆ ಎಳೆದುಕೊಳ್ಳಬೇಕು.

ಟಿ.ಎನ್.ಎ. ಪೆರುಮಾಳ್ (1932–2017), ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿ (1938–2007) ಅವರಂಥವರು ಫಿಲ್ಮಿನ ಕಾಲದಲ್ಲಿ ಹಕ್ಕಿಗಳನ್ನು ಚಿತ್ರಿಸಿದವರು. ಒಂದು ರೋಲಿನಲ್ಲಿ 36 ಚಿತ್ರ. ತೊಳೆದು ಬರುವವರೆಗೆ ಏನು ಬಂದಿದೆಯೆಂದು ತಿಳಿಯದು. ಇಂದಿನ ಸಾಧಾರಣ ಕ್ಯಾಮೆರಾ ಕೂಡ ಹಲವು ವಿಷಯಗಳಲ್ಲಿ ಅವರ ಉಪಕರಣಗಳಿಗಿಂತ ಸಮರ್ಥವಾದದ್ದು. ನಮ್ಮಲ್ಲಿ ಕೊರತೆಯಾಗಿರುವುದು ಉಪಕರಣವಲ್ಲ.

ನಮ್ಮಿಂದ ಆಗಬಹುದಾದದ್ದು

ಮೊದಲನೆಯದಾಗಿ, ಎಲ್ಲರೂ ಮಂಗಟ್ಟೆಯ ಹಿಂದೆ ಬೀಳಬೇಕಾಗಿಲ್ಲ. ಜೋಯಿಡಾದ ಕುಣಬಿ ಸಮುದಾಯದವರು ಕಾಪಾಡಿಕೊಂಡು ಬಂದಿರುವ ಗೆಡ್ಡೆ ಗೆಣಸುಗಳ ಬಣ್ಣ, ಆಕಾರ, ಎಲೆಗಳ ವಿವರವನ್ನು ದಾಖಲಿಸಲು ಒಂದು 50 ಮಿ.ಮೀ. ಲೆನ್ಸ್ ಸಾಕು, ಒಳ್ಳೆಯ ಮೊಬೈಲ್ ಆದರೂ ನಡೆಯುತ್ತದೆ. ಹಳ್ಳ ಬತ್ತುವ ದಿನ, ಮಾವು ಹೂಬಿಡುವ ವಾರ, ಬೆಟ್ಟಕ್ಕೆ ಹಬ್ಬುತ್ತಿರುವ ಕಳೆ, ಬೇಣದ ಹುಲ್ಲು ಇವನ್ನು ಪ್ರತಿವರ್ಷ ಒಂದೇ ಜಾಗದಲ್ಲಿ ನಿಂತು ಒಂದೇ ಲೆನ್ಸಿನಿಂದ ತೆಗೆದಿಟ್ಟರೆ, ಹತ್ತು ವರ್ಷಗಳ ನಂತರ ಅದು ನಮ್ಮ ಚಳವಳಿಗೆ ಯಾವ ವರದಿಗಿಂತಲೂ ಗಟ್ಟಿಯಾದ ಸಾಕ್ಷಿಯಾಗುತ್ತದೆ.

ಎರಡನೆಯದಾಗಿ, ಉದ್ದ ಲೆನ್ಸನ್ನು ಕೂಡಿ ಕೊಳ್ಳೋಣ. ಭತ್ತ ಒಕ್ಕುವ ಯಂತ್ರವನ್ನು, ಔಷಧ ಸಿಂಪಡಿಸುವ ಪಂಪನ್ನು ಊರವರು ಹಂಚಿಕೊಳ್ಳುವುದಿಲ್ಲವೇ? ವರ್ಷದಲ್ಲಿ ಹತ್ತಾರು ದಿನ ಮಾತ್ರ ಹೊರಬರುವ ಲೆನ್ಸನ್ನು ಪ್ರತಿಯೊಬ್ಬರೂ ಏಕೆ ಕೊಳ್ಳಬೇಕು? ಇದಕ್ಕೊಂದು ಷರತ್ತಿದೆ. ಬೇರೆ ಬೇರೆ ಕಂಪನಿಗಳ ಬಾಡಿಗೆ ಬೇರೆ ಬೇರೆ ಮೌಂಟ್. ಒಂದು ಊರಿನ ಗೆಳೆಯರು ಒಂದೇ ಮೌಂಟಿನ ಬಾಡಿ ಕೊಂಡರೆ ಲೆನ್ಸ್ ಕೈಯಿಂದ ಕೈಗೆ ಹೋಗಬಹುದು. ಯಾವ ಕಂಪನಿ ಉತ್ತಮ ಎಂದು ಕೇಳುವವರಿಗೆ ನನ್ನ ಉತ್ತರವೂ ಇದೇ: ನಿಮ್ಮ ನೆರೆಯವನ ಬಳಿ ಇರುವುದು. ಲೆನ್ಸ್ ಒಯ್ಯುವವರು ಗೂಡಿನ ಕಾಲದಲ್ಲಿ 50 ಮೀಟರಿನ ಒಳಗೆ ಹೋಗುವುದಿಲ್ಲ ಎಂಬ ಮಾತನ್ನು ಪುಸ್ತಕದಲ್ಲಿ ಬರೆದು ಸಹಿ ಹಾಕಲಿ.

ನೆರೆಮನೆಯ ಯುವಕ ಕೊನೆಗೆ ಒಂದು ಹಳೆಯ ಎಪಿಎಸ್-ಸಿ ಬಾಡಿ ಕೊಂಡ. ನನ್ನ 300 ಮಿ.ಮೀ. ಲೆನ್ಸಿಗೆ ಹೊಂದುವಂಥದ್ದು. ಫೆಬ್ರುವರಿಯಲ್ಲಿ ಅವನನ್ನು ಆ ತಾರೆ ಮರದ ಕಡೆಗೆ ಕರೆದುಕೊಂಡು ಹೋದೆ. ತೋಟದ ಬೇಲಿಯ ಬಳಿಯೇ ನಿಂತೆವು. ಹುರುಳಿ ಚೀಲವನ್ನು ಗೂಟದ ಮೇಲಿಟ್ಟೆವು. ಅರ್ಧ ಗಂಟೆಯ ಮೇಲೆ ಗಂಡು ಬಂತು. ಈ ಸಲ ನೇರವಾಗಿ ಪೊಟರೆಗೇ. ಒಂದಾದ ಮೇಲೊಂದರಂತೆ ಹನ್ನೊಂದು ಹಣ್ಣುಗಳನ್ನು ಸೀಳಿನೊಳಗೆ ಕೊಟ್ಟು ಹಾರಿಹೋಯಿತು. ಎಣಿಸುವ ಭರದಲ್ಲಿ ಯುವಕ ಮೂರೇ ಚಿತ್ರ ತೆಗೆದಿದ್ದ. "ಚಿಕ್ಕದಾಗಿ ಬಂದಿದೆ ಅಣ್ಣಾ" ಎಂದ. "ಹೆಣ್ಣಿಗೆ ಹೊಟ್ಟೆ ತುಂಬಿತಲ್ಲ" ಎಂದೆ.